ಟಾರ್ನೀಟಿನಲ್ಲಿ ಮಾಜಿ ಅಧ್ಯಕ್ಷರು

ಜೂನ್ ಬಂತೆಂದರೆ ಮೆಲ್ಬರ್ನಿನ ಟಾರ್ನೀಟ್, ಸಿಡ್ನಿಯ ವೆಂಟ್‌ವರ್ತ್‌ವಿಲ್ ಬೀದಿಗಳಲ್ಲಿ ಮಾಜಿ ಅಧ್ಯಕ್ಷರು ಕಾಣಿಸಿಕೊಳ್ಳುತ್ತಾರೆ. ಬಿಳಿ ಪಂಚೆ, ಮೇಲೆ ಮಗನ ಪಫರ್ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಅಳಿಯನ ಶೂ. ಊರಲ್ಲಿ ಮೂವತ್ತು ತಿಂಗಳು ಗ್ರಾಮ ಪಂಚಾಯ್ತಿ ಆಳಿದವರು. ಕುರ್ಚಿಯಿಂದ ಇಳಿದು ವರ್ಷಗಳಾದವು. ಇಳಿದದ್ದು ಕುರ್ಚಿಯಿಂದ ಮಾತ್ರ.

ಮಾಗಿ ಚಳಿಯಲ್ಲಿ ರಾಗಿ ಕಣ ಕಾದ ಮೈ ಅದು, ಆರೇಳು ಡಿಗ್ರಿಗೆಲ್ಲ ಜಗ್ಗುವುದಿಲ್ಲ. ಆದರೆ ಊರಲ್ಲಿ ಬಿತ್ತನೆ ನಡೆಯುವ ಆಷಾಢದಲ್ಲಿ ಇಲ್ಲಿ ನಡುಗುವುದೆಂದರೆ ಅವರಿಗೆ ಅಕ್ರಮ. ಅದರ ಮೇಲೆ ಒಂದೇ ಬೆಳಗ್ಗೆ ಬಿಸಿಲು, ಮಳೆ, ಗಾಳಿ, ಮತ್ತೆ ಬಿಸಿಲು. "ನಮ್ಮ ತಾಲ್ಲೂಕಿನ ಪಕ್ಷಾಂತರಿಗಳೇ ವಾಸಿ ಕಣಪ್ಪ, ಸಂಜೆತನಕನಾದ್ರೂ ಒಂದ್ಕಡೆ ಇರ್ತಿದ್ರು."

ಮಗ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನವಿಡೀ "ಯೆಸ್, ಯೆಸ್" ಅನ್ನುವುದನ್ನು ನೋಡುತ್ತಾರೆ. "ಕೆಲಸಕ್ಕೆ ಯಾವಾಗ ಹೋಗ್ತೀಯಪ್ಪ?"

"ಇದೇ ಕೆಲಸ ಅಪ್ಪ."

"ಹೂಂ ಅನ್ನೋ ಕೆಲಸಕ್ಕೆ ಇಷ್ಟು ದೂರ ಬರಬೇಕಾಗಿತ್ತಾ? ನಮ್ಮ ಪಂಚಾಯ್ತೀಲೇ ಮೆಂಬರ್ ಆಗಬಹುದಿತ್ತಲ್ಲೋ!"

ಅವರ ಕೆಲಸ ಶುರುವಾಗುವುದು ಹನ್ನೊಂದಕ್ಕೆ. ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ಅಂತರ. ಅಲ್ಲಿ ಆಗ ಆರೂವರೆ, ಡೇರಿಗೆ ಹಾಲು ಹಾಕುವ ಹೊತ್ತು, ಸುದ್ದಿಯೂ ಬಿಸಿ. ಪಿಡಿಓ ಬಂದನೇ, ಕೆರೆ ಏರಿಯ ಜಾಲಿ ಕಡಿಸಿದರೇ, ಯಾರನ್ನು ಕೇಳಿ ಬೀದಿ ದೀಪ ಕಿತ್ತರು? ಫೋನ್ ಇಟ್ಟ ಮೇಲೂ ಆ ದನಿ ಮನೆಯಲ್ಲಿ ಕಾಲು ಗಂಟೆ ಇರುತ್ತದೆ.

ಇಲ್ಲಿ ಓಟು ಹಾಕದಿದ್ದರೆ ದಂಡ ಎಂದು ಸೊಸೆ ಹೇಳಿದ ರಾತ್ರಿ ಅವರಿಗೆ ನಿದ್ದೆಯಿಲ್ಲ. 1924ರಿಂದ ಇರುವ ಕಾನೂನು. ಸಂಸತ್ತಿನ ಚುನಾವಣೆಗೆ ತಪ್ಪಿಸಿಕೊಂಡವರು 20 ಡಾಲರ್ ಕಟ್ಟಬೇಕು. "ನಮ್ಮಲ್ಲಿ ಹಾಕು ಅಂತ ಕೊಡ್ತೀವಿ, ಇಲ್ಲಿ ಹಾಕ್ದಿದ್ರೆ ಕಿತ್ಕೋತಾರೆ!" ನಿಂತವರಿಗೆಲ್ಲ ಒಂದು, ಎರಡು, ಮೂರು ಎಂದು ಅಂಕಿ ಕೊಡಬೇಕಾದ ಪದ್ಧತಿ ಕೇಳಿದಾಗ ಮಾತ್ರ ಕಣ್ಣು ಅರಳುತ್ತದೆ. "ಅಂದ್ರೆ ಐದೂ ಜನರ ಬಾಡೂಟ ಉಂಡು ಐದೂ ಜನಕ್ಕೂ ಓಟು ಹಾಕಬಹುದು. ಮಂಜುನಾಥನ ಮುಂದೆ ಆಣೆ ಮಾಡಿದ್ರೂ ಸುಳ್ಳಾಗಲ್ಲ!" ಇಲ್ಲಿ ಬಾಡೂಟವೆಂದರೆ ಮತಗಟ್ಟೆ ಹೊರಗೆ ಶಾಲೆಯವರು ಬ್ರೆಡ್ಡಿನಲ್ಲಿ ಸುತ್ತಿ ಮಾರುವ ಸಾಸೇಜು, ಅದಕ್ಕೂ ಓಟು ಹಾಕುವವನೇ ದುಡ್ಡು ಕೊಡಬೇಕು ಎಂದು ಗೊತ್ತಾದ ಮೇಲೆ ಪ್ರಜಾಪ್ರಭುತ್ವದ ಮೇಲಿನ ನಂಬಿಕೆ ಸ್ವಲ್ಪ ಕುಸಿಯುತ್ತದೆ.

ಸ್ಥಳೀಯ ಕೌನ್ಸಿಲ್ ಚುನಾವಣೆ ಇನ್ನೂ ಸಪ್ಪೆ. 2024ರ ಅಕ್ಟೋಬರಿನಲ್ಲಿ ವಿಕ್ಟೋರಿಯಾದ ಕೌನ್ಸಿಲುಗಳಿಗೆ ಮತದಾನ ನಡೆದದ್ದು ಅಂಚೆಯಲ್ಲಿ. ತಮಟೆಯಿಲ್ಲ, ಹಾರವಿಲ್ಲ, ಪಟಾಕಿಯಿಲ್ಲ. "ನಿಮ್ಮ ವಾರ್ಡಿನ ಮೆಂಬರ್ ಯಾರೋ?" ಎಂದರೆ ಪೌರತ್ವ ಪಡೆದು ಹತ್ತು ವರ್ಷವಾದ ಮಗ ಗೂಗಲ್ ಮಾಡುತ್ತಾನೆ. ಅಪ್ಪ ಮುಖ ತಿರುಗಿಸುತ್ತಾರೆ.

ಜುಲೈ ರಜೆಯಲ್ಲಿ ಸಿಡ್ನಿಯ ಮಗಳ ಮನೆಗೆ ಕಾರಿನಲ್ಲಿ ಪಯಣ, ದಾರಿಯಲ್ಲಿ ಕ್ಯಾನ್‌ಬೆರಾ. ರಾಜಧಾನಿ ತಮಗೇ ಬೇಕೆಂದು ಸಿಡ್ನಿ, ಮೆಲ್ಬರ್ನ್ ಎರಡೂ ಹಟ ಹಿಡಿದಿದ್ದವು. ಕೊನೆಗೆ ಸಿಡ್ನಿಯ ರಾಜ್ಯದಲ್ಲೇ ಇರಲಿ, ಆದರೆ ಊರಿಂದ ನೂರು ಮೈಲಿಯಾದರೂ ದೂರ ಎಂದು ಸಂವಿಧಾನದಲ್ಲೇ ಬರೆದರು. 1927ರವರೆಗೆ ಸಂಸತ್ತು ಮೆಲ್ಬರ್ನಿನಲ್ಲಿ ಕೂತಿತು. ಮಗ ಇದನ್ನು ಇತಿಹಾಸವಾಗಿ ಹೇಳಿದರೆ ಅಧ್ಯಕ್ಷರು ಅನುಭವವಾಗಿ ಕೇಳುತ್ತಾರೆ. "ನಮ್ಮ ಆಸ್ಪತ್ರೆ ಕಥೆನೇ ಕಣೋ! ಮೇಲ್ನೂರೋರಿಗೂ ಬೇಡ, ಕೆಳ್ನೂರೋರಿಗೂ ಬೇಡ ಅಂತ ನಡುವೆ ಗೋಮಾಳದಲ್ಲಿ ಕಟ್ಟಿದ್ವಿ. ಇವರು ಪರವಾಗಿಲ್ಲ, ರಸ್ತೆನೂ ಮಾಡವ್ರೆ."

ಆಗಸ್ಟ್ ಹೊತ್ತಿಗೆ ಟಾರ್ನೀಟಿನ ಪಾರ್ಕ್ ಬೆಂಚಿನಲ್ಲಿ ಪಂಜಾಬಿನ ಮಾಜಿ ಸರಪಂಚರು, ಗುಂಟೂರಿನ ಮಾಜಿ ಸೊಸೈಟಿ ಡೈರೆಕ್ಟರರು ಜೊತೆಯಾಗಿರುತ್ತಾರೆ. ಭಾಷೆ ಮೂರು, ಚಾಳಿ ಒಂದೇ. ಬೆಂಚು ಇರುವುದು ನೆರಳಲ್ಲಿ. ಅದನ್ನು ಬಿಸಿಲಿಗೆ ಸರಿಸಬೇಕೆಂದು ಒಂದು ಪಾರ್ಟಿ, ಅಲ್ಲೇ ಸೂರು ಹಾಕಿಸಬೇಕೆಂದು ಇನ್ನೊಂದು. ಮೊಮ್ಮಕ್ಕಳ ಕೈಯಲ್ಲಿ ಇಂಗ್ಲಿಷಿನಲ್ಲಿ ಎರಡು ಅರ್ಜಿ ಹೋಗುತ್ತವೆ. ಕೌನ್ಸಿಲರ್ ಹೆಂಗಸು ಖುದ್ದಾಗಿ ಬಂದು, ನಕ್ಕು, ಕಾರ್ಡು ಕೊಟ್ಟು ಹೋಗುತ್ತಾಳೆ.

ಮನೆಯ ಕಸದ ತೊಟ್ಟಿಯ ಚಕ್ರ ಮುರಿದು ಎರಡು ತಿಂಗಳು. ಯಾರಿಗೆ ಹೇಳಬೇಕೋ ಎಂದು ಆ ಸಂಜೆ ಮಗ ಗೊಣಗಿದಾಗ ಅಧ್ಯಕ್ಷರು ಜಾಕೆಟ್ಟಿನ ಜೇಬಿನಿಂದ ಕಾರ್ಡು ತೆಗೆದು ಹೇಳುತ್ತಾರೆ: "ಬಿಡು, ನಾನೊಂದು ಮಾತು ಹೇಳ್ತೀನಿ."