ಏಕಪಾದರಕ್ಷಾ ಮೀಮಾಂಸೆ

ನೌಕರಿಗೆ ಹೊರಟ ತಂದೆಗೆ ಹೊಸ್ತಿಲಲ್ಲಿ ಒಂದೇ ಚಪ್ಪಲಿ ಯಾಕೆ ಸಿಗುತ್ತದೆ? ಈ ಗ್ರಂಥದ ಜಿಜ್ಞಾಸೆ ಇಷ್ಟೇ. ಗ್ರಂಥಕರ್ತನ ಮನೆ ಶಹಾಪುರದಲ್ಲಿ, ಕಚೇರಿ ಯಾದಗಿರಿಯಲ್ಲಿ, ಹೆಂಡತಿಯ ಶಾಲೆ ಸುರಪುರದಾಚೆಯ ಒಂದು ಹಳ್ಳಿಯಲ್ಲಿ. ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಹೀಗಾಗಿ ಸಂಶೋಧನೆಗೆ ವಸ್ತುವಿನ ಕೊರತೆಯಿಲ್ಲ. ನಿದ್ದೆಯ ಕೊರತೆ ಮಾತ್ರ ಇದೆ.

ಮೊದಲು ಪೂರ್ವಪಕ್ಷ. ‘ನಾಯಿ ಒಯ್ದಿದೆ’ ಎಂಬುದು ಪ್ರಾಚೀನರ ಮತ. ಇದು ನಿಲ್ಲುವುದಿಲ್ಲ. ನಾಯಿಗೆ ರವಿವಾರ ರಜೆ ಇರುವುದಿಲ್ಲ. ನಮ್ಮಲ್ಲಿ ರವಿವಾರ ಮಾತ್ರ ಎರಡೂ ಚಪ್ಪಲಿ ಜೋಡಿಯಾಗಿ ಬಾಗಿಲಲ್ಲೇ ಬಿದ್ದಿರುತ್ತವೆ. ಆದ್ದರಿಂದ ಒಯ್ಯುವವರಿಗೆ ಸರ್ಕಾರಿ ರಜಾಪಟ್ಟಿ ಗೊತ್ತಿದೆ ಎಂದು ಸಿದ್ಧವಾಯಿತು.

ಕಾಲನಿರ್ಣಯಕ್ಕೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೌಕರರಿಗೆ ಇದೊಂದು ವರ. ಮಕ್ಕಳಿಗೆ ಮಾತ್ರ ಈ ಆದೇಶ ಯಾರೂ ಕಳಿಸಿಲ್ಲ. ಕಳೆದ ಬೇಸಿಗೆಯ ಒಂದು ಸೋಮವಾರ ಆರೂಮುಕ್ಕಾಲಿಗೆ ನಾನು ಡಬ್ಬಿ ಹಿಡಿದು ಒಂಟಿಗಾಲಲ್ಲಿ ನಿಂತಿದ್ದೆ. ಮಗ ಶೇಂಗಾ ಹಿಂಡಿಯ ಕೈಯನ್ನು ನನ್ನ ಇಸ್ತ್ರಿ ಪ್ಯಾಂಟಿಗೆ ಒರೆಸುತ್ತಿದ್ದ. ಮಗಳು ತುಂಬ ಕಾಳಜಿಯಿಂದ ಕೇಳಿದಳು:

“ಯಪ್ಪಾ, ಒಂದ ಚಪ್ಪಲ್ ಮ್ಯಾಲ ಆಫೀಸಿಗಿ ಹೋಗಾಕ ಬರಂಗಿಲ್ಲೇನು?”

“ಬರಂಗಿಲ್ಲವ್ವ.”

“ಹಂಗಾರ ಹೋಗಬ್ಯಾಡ ಬಿಡು.”

ಮಂಚದ ಕೆಳಗೆ, ಕೂಲರಿನ ಹಿಂದೆ, ನೀರಿನ ಕೊಡದ ಸಂದಿಯಲ್ಲಿ ಶೋಧ ನಡೆಯಿತು. ನಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: “ಕೂಸಿನ ಮೊಳಕೈ ನೋಡೋ.” ನೋಡಿದೆ. ಮೊಳಕೈವರೆಗೂ ಹಿಟ್ಟು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಕೈ ಹಾಕಿದರೆ ಬಲಗಾಲಿನ ಚಪ್ಪಲಿ ಬೆಚ್ಚಗೆ ಕೂತಿತ್ತು. ಆ ದಿನ ಮನೆಯಲ್ಲಿ ರೊಟ್ಟಿಯ ಬದಲು ಅನ್ನವಾಯಿತು, ಕಚೇರಿಯಲ್ಲಿ ನನ್ನ ಹೆಸರಿನ ಮುಂದೆ ‘ತಡ’ ಎಂಬ ಷರಾ ಆಯಿತು. ಕಚೇರಿಯ ಪಾಟೀಲರ ಮುಂದೆ ಹಿಟ್ಟಿನ ಕಥೆ ಹೇಳಿದರೆ ನಂಬಲಿಲ್ಲ; ಚಪ್ಪಲಿ ಎತ್ತಿ ತೋರಿಸುವುದು ಉಚಿತವಾಗಿರಲಿಲ್ಲ.

ನೌಕರಿಯೋ ಕೂಸೋ ಎಂಬ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ಎರಡು ದರ್ಶನಗಳಿವೆ. ಶಹಾಪುರ ದರ್ಶನ ಸಂಕ್ಷಿಪ್ತ. ಊರಿಗೆ ಹೊಂದಿಕೊಂಡಿರುವ ಗುಡ್ಡದ ಸಾಲು ದೂರದಿಂದ ಅಂಗಾತ ಮಲಗಿದ ಬುದ್ಧನಂತೆ ಕಾಣುತ್ತದೆ. ಅದನ್ನು ತೋರಿಸಿದ್ದಕ್ಕೆ ಮಗಳು, “ಅವ್ರಿಗಿ ಆಫೀಸ್ ಇಲ್ಲೇನು?” ಎಂದಳು. ಇದ್ದ ಅರಮನೆ, ಹೆಂಡತಿ, ಕೂಸು ಎಲ್ಲ ಬಿಟ್ಟೇ ಅವರು ಹಾಗೆ ಮಲಗಿದ್ದು ಎಂದು ಹೇಳಲು ಧೈರ್ಯವಾಗಲಿಲ್ಲ.

ಸುರಪುರ ದರ್ಶನಕ್ಕೆ ಗಟ್ಟಿ ದಾಖಲೆ ಇದೆ. 1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಸಂಸ್ಥಾನದ ಕಾರಭಾರ ನೋಡಲು ಸುರಪುರಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಆಗ ಸಣ್ಣ ಹುಡುಗ. ಕಂದಾಯದ ಲೆಕ್ಕ, ತಾಯಿ ರಾಣಿ ಈಶ್ವರಮ್ಮನ ಜತೆ ಜಟಾಪಟಿ, ಅದರ ಮೇಲೆ ಹುಡುಗನ ಪಾಠ. ಹುಡುಗ ಸಾಹೇಬನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ. ಗುಡ್ಡದ ಮೇಲೆ ಟೇಲರ್ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಲ್ಲಿ ಈಗಲೂ ಇದೆ. ಅಲ್ಲಿ ಎಂದಾದರೂ ಒಂದು ಬೂಟು ಕಾಣೆಯಾಗಿತ್ತೇ ಎಂಬುದು ನನ್ನ ಮುಂದಿನ ಅಧ್ಯಯನದ ವಿಷಯ. 1853ರಲ್ಲಿ ಸಾಹೇಬ ಅಧಿಕಾರ ಒಪ್ಪಿಸಿ ಹೋದ. 1858ರಲ್ಲಿ ಬೆಳೆದ ಹುಡುಗ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ. ಸೆರೆಯಲ್ಲಿ ಟೇಲರ್ ಕಣ್ಣಿಗೆ ಬಿದ್ದಾಗಲೂ ಅವನ ಬಾಯಿಂದ ಬಂದದ್ದು ಅದೇ ಎರಡಕ್ಷರ. ಸ್ವಲ್ಪ ದಿನಕ್ಕೆ ಗುಂಡೇಟಿನಿಂದ ತೀರಿಕೊಂಡ. ಈ ಪುಟಕ್ಕೆ ಬಂದಾಗಲೆಲ್ಲ ಗ್ರಂಥಕರ್ತನ ಪಾಂಡಿತ್ಯ ಸ್ವಲ್ಪ ಹೊತ್ತು ಮುಂದೆ ಸಾಗುವುದಿಲ್ಲ.

ಇನ್ನು ರಜಾ ಪ್ರಕರಣ. ಹೆರಿಗೆಗೆ ಹೆಂಡತಿಗೆ 180 ದಿನ, ನನಗೆ 15. ಕೂಸು ನನ್ನ ಮುಖ ಗುರುತು ಹಿಡಿಯುವ ಹೊತ್ತಿಗೆ ನನ್ನ ರಜೆ ಮುಗಿದಿತ್ತು. 2023ರಲ್ಲಿ ಸರ್ಕಾರ ನರೇಗಾ ಕೂಲಿಕಾರ ಹೆಂಗಸರ ಮಕ್ಕಳಿಗೆ 4,000 ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಸಾರಿತು. ಹೆಸರು ಚೆಂದ ಇದೆ. ನಮ್ಮ ಮನೆಯ ಕೂಸಿನ ಮನೆಯನ್ನು ಅರವತ್ತೆಂಟು ವರ್ಷದ ನಮ್ಮವ್ವ ನಡೆಸುತ್ತಾಳೆ. ಸಂಬಳವಿಲ್ಲ, ಬದಲಿ ಸಿಬ್ಬಂದಿಯಿಲ್ಲ, ಮೊಣಕಾಲು ನೋವಿದೆ. ಆಕೆ ಎರಡು ದಿನ ತಂಗಿಯ ಮನೆಗೆ ಹೋದಾಗ ಮೂರು ಊರುಗಳ ಆಡಳಿತ ಕುಸಿದು ಬಿದ್ದಿತ್ತು. ಚಪ್ಪಲಿ ಹುಡುಕಿದವಳೂ ಆಕೆಯೇ ಎಂಬುದನ್ನು ವಾಚಕರು ಗಮನಿಸಬೇಕು.

ಇಷ್ಟರಿಂದ ‘ಪಿತೃಪ್ರೇಮವೇ ಏಕಪಾದರಕ್ಷೆಗೆ ಕಾರಣ’ ಎಂಬ ಸಿದ್ಧಾಂತ ಮಂಡಿಸಿ ಗ್ರಂಥ ಮುಗಿಸಿದ್ದೆ. ಮೊನ್ನೆ ರವಿವಾರ ಮಗಳು ಬೊಂಬೆಗಳನ್ನು ಸಾಲಾಗಿ ಕೂರಿಸಿ ಶಾಲೆ ಆಡುತ್ತಿದ್ದಳು. ನಾನು ಹತ್ತಿರ ಕೂತು, ಹಾಗಲ್ಲ ಹೀಗೆ ಎಂದು ಮೂರು ಸಲ ತಿದ್ದಿದೆ. ಅವಳು ಎದ್ದು ಹೋಗಿ ಬಾಗಿಲಲ್ಲಿದ್ದ ಎರಡೂ ಚಪ್ಪಲಿ ತಂದು ನನ್ನ ಕಾಲ ಮುಂದೆ ಜೋಡಿಸಿಟ್ಟಳು. ಎಡ ಬಲ ಕೂಡ ಸರಿಯಾಗಿತ್ತು.

“ಯಪ್ಪಾ, ಆಫೀಸಿಗಿ ಹೋಗು.”