ಇನ್ನೊಂದು ಜನರೇಷನ್ ಬರಲಿ, ಭಾವ

ಮನೆಯಲ್ಲೇ ರೆಕಾರ್ಡಿಂಗ್ ಸ್ಟುಡಿಯೋ ಮಾಡುತ್ತೇನೆಂದು ಹೊರಟವರು ನಿಮ್ಮ ಬಳಗದಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಕೋಣೆಯ ಗೋಡೆಗೆ ಕಪ್ಪು ಫೋಮ್ ಅಂಟಿಸಿರುತ್ತದೆ, ಸ್ಟ್ಯಾಂಡಿನ ಮೇಲೆ ಬಟ್ಟೆ ಹೊದ್ದ ಮೈಕು ನಿಂತಿರುತ್ತದೆ. ಹಾಡು ಮಾತ್ರ ಇರುವುದಿಲ್ಲ. ಕೇಳಿದರೆ, “ಪ್ರೊಸೆಸರ್ ಇನ್ನೂ ಫೈನಲ್ ಆಗಿಲ್ಲ” ಎನ್ನುತ್ತಾರೆ.

ನನ್ನ ಪಾಲಿಗೆ ಬಂದವನು ಹೆಂಡತಿಯ ತಮ್ಮ. 2017ರಲ್ಲಿ ಎಎಂಡಿಯ ಮೊದಲ ರೈಜನ್ ಬಂದಾಗ, “ಫಸ್ಟ್ ಜನರೇಷನ್ ಯಾರಾದರೂ ತೊಗೋತಾರಾ ಭಾವ?” ಎಂದ. 2020ರ ಕೊನೆಗೆ ಆ್ಯಪಲ್‌ನವರು ಎಂ1 ಹಾಕಿ, ಫ್ಯಾನೇ ಇಲ್ಲದ ಲ್ಯಾಪ್‌ಟಾಪ್ ಬಿಟ್ಟರು. ಮೈಕಿಗೆ ಗುಂಯ್‌ಗುಡುವ ಸದ್ದಿಲ್ಲ ಎಂದು ಎರಡು ವಾರ ಕುಣಿದಾಡಿ, ಮುಂದೆ ರ್‍ಯಾಮ್ ಹೆಚ್ಚಿಸಲು ಬರುವುದಿಲ್ಲವೆಂದು ಕೈಬಿಟ್ಟ. ಮರುವರ್ಷ ಇಂಟೆಲ್‌ನ 12ನೇ ಜನರೇಷನ್ನಿನಲ್ಲಿ ದೊಡ್ಡ ಕೋರ್, ಚಿಕ್ಕ ಕೋರ್ ಎಂದು ಎರಡು ಜಾತಿ ಬಂದವು. “ನನ್ನ ತಂಬೂರಿ ಚಿಕ್ಕ ಕೋರಿಗೆ ಹೋಗಿ ಬಿದ್ದರೆ?” ಎಂಬ ಚಿಂತೆಯಲ್ಲಿ ಆ ಕಾಲವೂ ಕಳೆಯಿತು. 13 ಮತ್ತು 14ನೇ ಜನರೇಷನ್ನಿನ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಹೆಚ್ಚು ವೋಲ್ಟೇಜಿನಿಂದ ಕೆಡುತ್ತಿವೆ ಎಂದು 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡಾಗ ಅವನ ಮುಖ ನೋಡಬೇಕಿತ್ತು. ಏನನ್ನೂ ಕೊಳ್ಳದೆ ಗೆದ್ದವನ ಕಳೆ! ಸಾಲದ್ದಕ್ಕೆ ಪ್ರೊಸೆಸರಿಗೂ ಮದರ್‌ಬೋರ್ಡಿನ ಸಾಕೆಟ್ಟಿಗೂ ಜಾತಕ ಕೂಡಬೇಕು. ಇಲ್ಲಿ ಹುಡುಗ ಒಪ್ಪಿಗೆಯಾಗುವಷ್ಟರಲ್ಲಿ ಹುಡುಗಿಗೆ ವಯಸ್ಸಾಗಿರುತ್ತದೆ.

ಒಂದು ಶನಿವಾರ ನನ್ನನ್ನೂ ಎಸ್.ಪಿ. ರೋಡಿಗೆ ಎಳೆದುಕೊಂಡು ಹೋದ. ಸೂರಿನವರೆಗೆ ಡಬ್ಬ ಪೇರಿಸಿದ ಕಿರಿದಾದ ಅಂಗಡಿ. ಕೌಂಟರಿನ ಹುಡುಗ ತಲೆ ಎತ್ತದೆ, “ಗೇಮಿಂಗಾ ಸಾರ್, ಆಫೀಸ್ ಯೂಸಾ?” ಎಂದ.

“ರೆಕಾರ್ಡಿಂಗ್,” ಎಂದ ನಮ್ಮವನು ಗಂಭೀರವಾಗಿ.

“ಎಷ್ಟು ಕ್ಯಾಮೆರಾ ಸಾರ್?”

ಅಲ್ಲಿಂದ ಪಾಠ ಶುರುವಾಯಿತು. ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಹಾಕಿದ ಪ್ಲಗಿನ್‌ಗಳನ್ನು ಕಂಪ್ಯೂಟರು ಒಂದಾದ ಮೇಲೊಂದರಂತೆ ಮುಗಿಸಬೇಕು. ಆದ್ದರಿಂದ ಕೋರ್‌ಗಳ ಲೆಕ್ಕ ದೊಡ್ಡದಿದ್ದರೆ ಸಾಲದು, ಒಂದೊಂದು ಕೋರೂ ಚುರುಕಾಗಿರಬೇಕು. ಬಫರ್ 1,024 ಸ್ಯಾಂಪಲ್ ಇಟ್ಟರೆ ಸೆಕೆಂಡಿಗೆ 44,100ರ ಲೆಕ್ಕದಲ್ಲಿ ಅದೊಂದೇ 23 ಮಿಲಿಸೆಕೆಂಡ್ ತಡ, ಹಾಡುವವನಿಗೆ ತನ್ನ ದನಿಯೇ ಹಿಂದಿನಿಂದ ಬಂದಂತಾಗುತ್ತದೆ. 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡಿನೊಳಗೆ. ಆದರೆ ಅಷ್ಟರಲ್ಲಿ ಪ್ರೊಸೆಸರ್ ಕೆಲಸ ಮುಗಿಸದಿದ್ದರೆ ಚಟಪಟ ಸದ್ದು. ನಮ್ಮ ಹಿಂದೆ ಕೀಬೋರ್ಡ್ ಹಿಡಿದವರು, ಕೆಟ್ಟ ಎಸ್‌ಎಂಪಿಎಸ್ ಹಿಡಿದವರು ಸಾಲುಗಟ್ಟಿದ್ದರು. ಒಂದು ಮಾತೂ ತಪ್ಪಲ್ಲ ಎಂಬುದೇ ನನ್ನ ಸಂಕಟ. ತಪ್ಪಾಗಿದ್ದರೆ ಬಾಯಿ ಮುಚ್ಚಿಸಬಹುದಿತ್ತು.

ಹುಡುಗ ಎಲ್ಲವನ್ನೂ ಕೇಳಿ, “ಎಷ್ಟು ಜನ ಹಾಡ್ತಾರೆ?” ಎಂದ.

“ಒಬ್ಬರು. ಜೊತೆಗೆ ಶ್ರುತಿ. ಬೇಕಾದರೆ ತಬಲ.”

“ಹಂಗಾದ್ರೆ ಆರು ಕೋರಿಂದು ತೊಗೊಳ್ಳಿ ಸಾರ್, ಧಾರಾಳ ಆಯ್ತು.”

“ಮುಂದಕ್ಕೆ?”

“ಮುಂದಕ್ಕೆ ಬೇರೆದು ಬರುತ್ತೆ ಸಾರ್.”

ಹುಡುಗ ಹೇಳಿದ್ದರಲ್ಲಿ ನಮ್ಮವನ ಕಿವಿಗೆ ಬಿದ್ದದ್ದು ಕೊನೆಯದೊಂದೇ. ಬರುತ್ತದೆಂದ ಮೇಲೆ ಈಗೇಕೆ? ಒಂದು ಯುಎಸ್‌ಬಿ ಕೇಬಲ್ ಕೊಂಡು ಹಿಂತಿರುಗಿದೆವು. ದಾರಿಯಲ್ಲಿ ನಾನು, “1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಬರೀ ಒಂದು ಕೊಂಬಿನ ಮುಂದೆ ಹಾಡಿದರಪ್ಪ, ಮೈಕೂ ಇರಲಿಲ್ಲ” ಎಂದೆ. “ಅದರಲ್ಲಿ ಎಷ್ಟು ನಾಯ್ಸ್ ಇದೆ ಕೇಳಿದ್ದೀರಾ ಭಾವ?” ಎಂದ.

ಬೈಯಲೂ ಮನಸ್ಸು ಬರುವುದಿಲ್ಲ. ಕಾದಂಬರಿ ಬರೆಯಲು ಒಳ್ಳೆಯ ಮೇಜಿಗಾಗಿ ಕಾದು ಕೂತವನು ನಾನು. ಮೇಲಾಗಿ ಈ ಸಡಗರವೆಲ್ಲ ಅವನಿಗಾಗಿ ಅಲ್ಲ, ಅವನ ಅಮ್ಮನಿಗಾಗಿ. ನಮ್ಮತ್ತೆಗೆ ಹಸೆಹಾಡು, ಆರತಿ ಹಾಡು, ಬೀಗರ ಹಾಡು ಎಷ್ಟು ಬರುತ್ತವೋ ಅವರಿಗೇ ಲೆಕ್ಕವಿಲ್ಲ. ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಅಮ್ಮನ ದನಿಯನ್ನು ಒಂದು ಚೂರೂ ಕೆಡದಂತೆ ಹಿಡಿದಿಡಬೇಕು ಎಂಬುದು ಅವನ ಆಸೆ. ಮೊದಲ ರೈಜನ್ ಬಂದಾಗ ಅತ್ತೆ ಒಂದೇ ಉಸಿರಿಗೆ ಇಡೀ ನುಡಿ ಹಾಡುತ್ತಿದ್ದರು. ಈಗ ಸಾಲಿನ ನಡುವೆ ನಿಲ್ಲುತ್ತಾರೆ. ಕೆಲವೊಮ್ಮೆ ಮುಂದಿನ ಸಾಲಿಗಾಗಿ ಮಗಳ ಮುಖ ನೋಡುತ್ತಾರೆ.

ಹೋದ ಚಳಿಗಾಲ ಅತ್ತೆ ಅವರೆಕಾಳು ಹಿಚುಕುತ್ತ ಬೀಗರನ್ನು ಆಡಿಕೊಳ್ಳುವ ಹಾಡೊಂದನ್ನು ಗುನುಗುತ್ತಿದ್ದಾಗ ನನ್ನ ಹೆಂಡತಿ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ರೆಕಾರ್ಡ್ ಮಾಡಿಬಿಟ್ಟಳು. ಐದೂ ನುಡಿ ಬಂದಿವೆ. ಮೂರನೆಯದರಲ್ಲಿ ಕುಕ್ಕರ್ ಕೂಗುತ್ತದೆ, ನಾಲ್ಕನೆಯದರಲ್ಲಿ ಕಸದ ಗಾಡಿ.

ತಮ್ಮನಿಗೆ ಕೇಳಿಸಿದಳು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದ, ತಿರುಗಿ ಇನ್ನೊಮ್ಮೆ ಕೇಳಿದ. “ಅಕ್ಕಾ, ಇದನ್ನು ವಾಟ್ಸಾಪಿನಲ್ಲಿ ಕಳಿಸಬೇಡ, ಹಾಳಾಗುತ್ತೆ, ಫೈಲನ್ನೇ ಕೊಡು” ಎಂದ. ಆಮೇಲೆ ನನ್ನ ಕಡೆ ತಿರುಗಿದ: “ಆ ಸೀಟಿ ತೆಗೆಯೋಕೆ ಒಂದು ಪ್ಲಗಿನ್ ಇದೆ ಭಾವ. ಅದೊಂದೇ ಸ್ವಲ್ಪ ಪ್ರೊಸೆಸರ್ ಜಾಸ್ತಿ ತಿನ್ನುತ್ತೆ.”