ನಡುಬೆಂಚಿನ ಮಹನೀಯರಿಗೆ ಅಭಿನಂದನೆ
(ಎರ್ನಾಕುಳಂನಲ್ಲಿ ನೆಲೆಸಿದ ಕನ್ನಡಿಗರ ಸಭೆಗೆಂದು ಸಿದ್ಧಪಡಿಸಿದ ಸನ್ಮಾನ ಭಾಷಣ)

ಮಾನ್ಯ ಅಧ್ಯಕ್ಷರೇ, ತಿರುವನಂತಪುರದಿಂದ ಹೊರಟಿದ್ದೇನೆ ಎಂದು ಬೆಳಗ್ಗೆಯಿಂದ ಹೇಳುತ್ತಲೇ ಇರುವ ಮುಖ್ಯ ಅತಿಥಿಗಳೇ, ವೇದಿಕೆಯ ಗಣ್ಯರೇ, ಊಟದ ಹಾಲಿನ ಬಾಗಿಲ ಬಳಿ ಈಗಲೇ ಜಾಗ ಹಿಡಿದಿರುವ ದೂರದೃಷ್ಟಿಯ ಬಂಧುಗಳೇ,

ಪೇಟ ಮೈಸೂರಿನದು. ಶಾಲು, ಅಂದರೆ ಇಲ್ಲಿಯವರ ಪೊನ್ನಾಡ, ಬ್ರಾಡ್‌ವೇಯಲ್ಲಿ ಚೌಕಾಸಿ ಮಾಡಿ ತಂದದ್ದು. ಹಣ್ಣಿನ ಬುಟ್ಟಿಯೂ ಬಂದಿದೆ. ಆಮಂತ್ರಣ ಪತ್ರಿಕೆಯಲ್ಲಿ ಸನ್ಮಾನಿತರ ಹೆಸರು ಮಾತ್ರ ಬಿಟ್ಟುಹೋಗಿದೆ. ಪ್ರೆಸ್ಸಿನವರನ್ನು ಬೈಯಬೇಡಿ. ಹೆಸರು ಕೇಳಲು ಸನ್ಮಾನಿತರ ಕಾಲೇಜಿಗೆ ಫೋನ್ ಮಾಡಿದರೆ ರಿಜಿಸ್ಟರ್ ನಂಬರ್ ಕೊಟ್ಟರು. ಹುಡುಗನನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು; ಯಾರಿಗೂ ಹೊಳೆಯಲಿಲ್ಲ.

ಇವರು ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ, ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಈ ಊರಿಗೆ ಡಿಗ್ರಿಗೆ ಬಂದವರು. ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ, ತಮಾಷೆ ಮಲಯಾಳದಲ್ಲಿ. ಪಾಠವನ್ನು ಗೈಡು ನೋಡಿ ಹೇಗೋ ದಾಟಿದರು. ತಮಾಷೆಗೆ ಗೈಡು ಇಲ್ಲವಾದ್ದರಿಂದ ಮೊದಲ ಸೆಮಿಸ್ಟರ್ ಪೂರ್ತಿ ಎಲ್ಲರೂ ನಕ್ಕ ಮೇಲೆ ನಕ್ಕರು. ಕೂರುವುದು ನಡುಬೆಂಚಿನಲ್ಲಿ. ಮುಂದಿನ ಬೆಂಚಿನವರ ಹೆಸರು ನೋಟಿಸ್ ಬೋರ್ಡಿಗೆ ಗೊತ್ತು, ಹಿಂದಿನ ಬೆಂಚಿನವರ ಹೆಸರು ಪ್ರಿನ್ಸಿಪಾಲರಿಗೆ ಗೊತ್ತು. ಇವರ ಹೆಸರು ಇವರ ತಾಯಿಗೆ ಗೊತ್ತು.

ಇಂಥ ಒಬ್ಬರನ್ನು ಕೇರಳದಲ್ಲಿ ಯಾವ ಯೋಜನೆಯ ಕೈಗೂ ಸಿಗದಂತೆ ಉಳಿಸಿಕೊಂಡು ಬರುವುದು ಸುಲಭದ ಕೆಲಸವಲ್ಲ, ಸ್ವಾಮಿ. ತಿರುವನಂತಪುರದ ವಿಕಾಸ ಭವನದಲ್ಲಿ ಕಾಲೇಜು ಶಿಕ್ಷಣ ನಿರ್ದೇಶನಾಲಯವಿದೆ. ಅದು ಜಾಣ ಮಕ್ಕಳಿಗೆಂದು ‘ವಾಕ್ ವಿತ್ ಎ ಸ್ಕಾಲರ್’ ನಡೆಸುತ್ತದೆ. ಆಯ್ದ ವಿದ್ಯಾರ್ಥಿಗಳಿಗೆ ಕಾಲೇಜಿನೊಳಗಿನ ಮೆಂಟರ್ ಬೇರೆ, ಹೊರಗಿನಿಂದ ಬರುವ ಮೆಂಟರ್ ಬೇರೆ. ಪಾಠದಲ್ಲಿ ಸೋಲುವವರಿಗೆ ‘ಸ್ಕಾಲರ್ ಸಪೋರ್ಟ್ ಪ್ರೋಗ್ರಾಂ’ ಇದೆ. ಹೆಚ್ಚುವರಿ ತರಗತಿ, ಟ್ಯುಟೋರಿಯಲ್, ಪ್ರಶ್ನೆಗಳ ಕಟ್ಟು. ನಗಬೇಡಿ, ಎರಡೂ ಒಳ್ಳೆಯವೇ. ನನ್ನನ್ನು ಕೇಳಿದರೆ ಎರಡನೆಯದು ಹೆಚ್ಚು ಒಳ್ಳೆಯದು: ಫೇಲಾಗುವ ಹುಡುಗನನ್ನೂ ಸ್ಕಾಲರ್ ಎಂದು ಕರೆಯುವ ದೊಡ್ಡತನ ನಮ್ಮ ಕಾಲದ ಮೇಷ್ಟರಿಗೆ ಇರಲಿಲ್ಲ. ಆದರೆ ಲೆಕ್ಕ ನೋಡಿ. ಮೇಲಿನವನೂ ಸ್ಕಾಲರ್, ಕೆಳಗಿನವನೂ ಸ್ಕಾಲರ್. ಮೊದಲನೆಯದಕ್ಕೆ ಇವರ ಅಂಕ ಸಾಲಲಿಲ್ಲ, ಎರಡನೆಯದಕ್ಕೆ ಹೆಚ್ಚಾಯಿತು. ಇಡೀ ತರಗತಿಯಲ್ಲಿ ಸ್ಕಾಲರ್ ಅಲ್ಲದವರು ಇವರು ಮತ್ತು ಇವರ ಅಕ್ಕಪಕ್ಕದವರು.

ಮೆಂಟರ್ ಇವರಿಗೆ ಇರಲೇ ಇಲ್ಲವೇ? ಇದ್ದರು. ಮೆಂಟರ್ ಒಬ್ಬರಿಗೆ ವಿದ್ಯಾರ್ಥಿಗಳು ಎಷ್ಟು ಎಂದು ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಕೇಳುತ್ತದೆ. ಹಾಗಾಗಿ ನ್ಯಾಕ್ ತಂಡ ಬರುವ ಕಾಲೇಜಿನಲ್ಲಿ ಮೆಂಟರ್ ಇಲ್ಲದ ವಿದ್ಯಾರ್ಥಿ ಹುಡುಕಿದರೂ ಸಿಗುವುದಿಲ್ಲ. ಇವರ ಮೆಂಟರ್ ಡೈರಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ‘ವಿದ್ಯಾರ್ಥಿಯ ಸಮಸ್ಯೆ’ ಎಂಬ ಕಾಲಂ ಇದೆ. ಪ್ರತಿ ಸೆಮಿಸ್ಟರಿನಲ್ಲೂ ಒಂದೇ ಉತ್ತರ: ‘ಇಲ್ಲ’. ಎಲ್ಲವೂ ಒಂದೇ ಶಾಯಿ, ಒಂದೇ ಮಧ್ಯಾಹ್ನದ ಕೈಬರಹ. ಅಪ್ಪನ ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದ ವರ್ಷವೂ ‘ಇಲ್ಲ’, ಹಾಸ್ಟೆಲ್ ಸಿಗದೆ ಕಳಮಶ್ಶೇರಿಯಲ್ಲಿ ನಾಲ್ವರ ಜೊತೆ ಒಂದು ಕೋಣೆಯಲ್ಲಿದ್ದಾಗಲೂ ‘ಇಲ್ಲ’. ಇಷ್ಟು ನಿಶ್ಚಿಂತ ಬದುಕು ಋಷಿಗಳಿಗೂ ಸಿಕ್ಕಿಲ್ಲ. ಮೆಂಟರನ್ನೂ ದೂರಬೇಡಿ, ಅವರ ಪಟ್ಟಿಯಲ್ಲಿ ಇನ್ನೂ ಮೂವತ್ತು ಜನ ಇದ್ದರು, ಆ ಮಧ್ಯಾಹ್ನ ಅಷ್ಟೂ ಜನರ ಸಮಸ್ಯೆಗಳನ್ನು ಇಲ್ಲವಾಗಿಸಬೇಕಿತ್ತು.

ಇನ್ನು ನಾಲ್ಕು ವರ್ಷದ ಡಿಗ್ರಿ. 2024ರ ಜುಲೈ 1ರಂದು ತಿರುವನಂತಪುರದ ಸರ್ಕಾರಿ ಮಹಿಳಾ ಕಾಲೇಜಿನಲ್ಲಿ ಮುಖ್ಯಮಂತ್ರಿಗಳು ‘ವಿಜ್ಞಾನೋತ್ಸವಂ’ ಎಂದು ಅದಕ್ಕೆ ಚಾಲನೆ ಕೊಟ್ಟರು. ನಮ್ಮ ಸನ್ಮಾನಿತರು ಅದರ ಮೊದಲ ಬ್ಯಾಚು. ಮೂರು ವರ್ಷಕ್ಕೆ 133 ಕ್ರೆಡಿಟ್, ನಾಲ್ಕಕ್ಕೆ 177. ಚುರುಕಿನವರು ಎರಡೂವರೆ ವರ್ಷದಲ್ಲೇ ಮುಗಿಸಿ ಹೋಗಬಹುದು. ಸಂಶೋಧನೆಯ ಆನರ್ಸ್ ಬೇಕೆಂದರೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಅಂಕ ಬೇಕು. ಅಲ್ಲೂ ನಮ್ಮವರು ಬಾಗಿಲ ಹೊರಗೆ. 75 ಎಂಬ ಸಂಖ್ಯೆ ಇವರನ್ನು ಕಾಡಿದಷ್ಟು ಏಳರಾಟ ಶನಿಯೂ ಕಾಡಿಲ್ಲ: ಪರೀಕ್ಷೆಗೆ ಕೂರಲು ಹಾಜರಿಯೂ ಅಷ್ಟೇ ಬೇಕಲ್ಲ.

ಹಾಜರಿ ಎಂದಾಗ ಒಂದು ಮಾತು, ಅಧ್ಯಕ್ಷರು ಗಂಟೆ ಬಾರಿಸದಿದ್ದರೆ. ನಮ್ಮ ಕಳಮಶ್ಶೇರಿಯ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ 2023ರ ಜನವರಿಯಲ್ಲಿ ಮುಟ್ಟಿನ ಕಾರಣಕ್ಕೆ ವಿದ್ಯಾರ್ಥಿನಿಯರ ಹಾಜರಿಯಲ್ಲಿ ಶೇ. 2 ವಿನಾಯಿತಿ ಕೊಟ್ಟಿತು. ಅದೇ ತಿಂಗಳು ಸರ್ಕಾರ ಅದನ್ನು ಉಳಿದ ವಿಶ್ವವಿದ್ಯಾಲಯಗಳಿಗೂ ಹಬ್ಬಿಸಿತು. ಅದು ವಿಕಾಸ ಭವನದ ಕಡತದಲ್ಲಿ ಹುಟ್ಟಿದ್ದಲ್ಲ. ವಿದ್ಯಾರ್ಥಿ ಯೂನಿಯನ್ನು ಕೇಳಿತು, ಸಿಕ್ಕಿತು. ಮುಂದಿನ ಬೆಂಚು, ಹಿಂದಿನ ಬೆಂಚು ಎಂಬ ಭೇದವಿಲ್ಲ, ಆಯ್ಕೆ ಸಮಿತಿ ಇಲ್ಲ. ಬಸ್ ಕನ್ಸೆಷನ್ನೂ ಹಾಗೆಯೇ. 2022ರಲ್ಲಿ ಕೇರಳದ ಬಸ್ಸುಗಳ ಕನಿಷ್ಠ ದರ 8ರಿಂದ 10 ರೂಪಾಯಿಗೆ ಏರಿದಾಗಲೂ ವಿದ್ಯಾರ್ಥಿಯ ಕನಿಷ್ಠ ದರ 1 ರೂಪಾಯಿಯಲ್ಲೇ ನಿಂತಿತು. ಕಂಡಕ್ಟರ್ ಮುಖ ಗಂಟಿಕ್ಕುತ್ತಾನೆ, ಸೀಟು ಖಾಲಿಯಿದ್ದರೂ ಕೂರಬೇಡ ಎನ್ನುತ್ತಾನೆ, ಆದರೆ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಇವರು ಕಾಲೇಜು ಬಿಡದೆ ಉಳಿದದ್ದಕ್ಕೆ ನಾನು ಮೊದಲ ಶ್ರೇಯಸ್ಸು ಕೊಡುವುದು ಆ ಒಂದು ರೂಪಾಯಿ ಟಿಕೆಟಿಗೆ. ಎರಡನೆಯದು ಗುಡ್ಡೆಯ ಮೇಲಿನ ಮೆಸ್ಸಿನಲ್ಲಿ ಸಾಲ ಬರೆದುಕೊಂಡ ಚೇಟತ್ತಿಗೆ, ಅಂದರೆ ಮೆಸ್ಸಿನ ಅಕ್ಕನಿಗೆ. ಅವರನ್ನೂ ಕರೆದಿದ್ದೆವು. ಮಧ್ಯಾಹ್ನದ ಊಟದ ಹೊತ್ತು ಬಿಟ್ಟು ಬರಲಾಗುವುದಿಲ್ಲ ಎಂದರು.

ಕೊನೆಯ ವಿಷಯ. ನಮ್ಮ ಸಂಘದ ಕಾರ್ಯಕಾರಿ ಸಮಿತಿ, ಯೋಜನೆಗಳೆಲ್ಲ ಇವರನ್ನು ಬಿಟ್ಟುಹೋಗುವ ಈ ಅನ್ಯಾಯವನ್ನು ಕಂಡು ಕಣ್ಣೀರಿಟ್ಟು, ನಡುಬೆಂಚಿನವರಿಗಾಗಿಯೇ ಒಂದು ವಿದ್ಯಾರ್ಥಿವೇತನವನ್ನು ಘೋಷಿಸಿದೆ. (ಚಪ್ಪಾಳೆ.) ಯೋಜನೆ ಎಂದ ಮೇಲೆ ನಿಯಮ ಬೇಡವೇ? ಮೂರು ಸಭೆ ನಡೆಸಿ, ವಡೆ ತಿಂದು, ಅಂಕ ಶೇ. 50ರಿಂದ 60ರೊಳಗೆ ಇರತಕ್ಕದ್ದು ಎಂದು ನಿರ್ಧರಿಸಿದೆವು. ನಿನ್ನೆ ಸಂಜೆ ಕಾರ್ಯದರ್ಶಿಗಳು ಇವರ ಅರ್ಜಿ ಬಿಚ್ಚಿ ನೋಡಿದರೆ 60.4. ತಿದ್ದುಪಡಿಗೆ ಮಹಾಸಭೆ ಕರೆಯಬೇಕು; ಅದು ಮುಂದಿನ ಏಪ್ರಿಲಿಗೆ. ಆದ್ದರಿಂದ ಸದ್ಯಕ್ಕೆ ಶಾಲು, ಪೇಟ, ಹಣ್ಣು ಇಷ್ಟೇ. ಬುಟ್ಟಿ ಮಾತ್ರ ವಾಪಸು ಕೊಟ್ಟು ಹೋಗಬೇಕು, ಮಾರಾಯ, ಅದು ಬಾಡಿಗೆಯದು.